ಬಲಗಾಲು ಮುಂದೆ, ಎಡಗೈ ಹಿಂದೆ: ಸೌತ್‌ಪಾ ಬಾಕ್ಸರ್ ಎದುರು ಆಡೋದು ಯಾಕಷ್ಟು ಕಷ್ಟ?

2024ರ ಮೇ 18, ರಿಯಾದ್. ಟೈಸನ್ ಫ್ಯೂರಿ ಮತ್ತು ಒಲೆಕ್ಸಾಂಡರ್ ಉಸಿಕ್ ನಡುವಿನ ಹೆವಿವೇಯ್ಟ್ ಪಂದ್ಯದ 9ನೇ ಸುತ್ತು. ಫ್ಯೂರಿ 206 ಸೆಂಟಿಮೀಟರ್ ಎತ್ತರದ ಆಳು. ಉಸಿಕ್ ಅವರಿಗಿಂತ ಸುಮಾರು 15 ಸೆಂಟಿಮೀಟರ್ ಗಿಡ್ಡ. ಆದರೂ ಆ ಸುತ್ತಿನಲ್ಲಿ ಉಸಿಕ್ ಅವರ ಎಡಗೈ ಗುದ್ದು ಫ್ಯೂರಿಯ ಮುಖಕ್ಕೆ ಸರಿಯಾಗಿ ಬಿತ್ತು. ಬೆನ್ನಿಗೇ ಇನ್ನಷ್ಟು ಬಿದ್ದವು. ಅಷ್ಟು ದೊಡ್ಡ ದೇಹ ರಿಂಗಿನ ತುಂಬ ತೂರಾಡಿ ಹಗ್ಗಕ್ಕೆ ಹೋಗಿ ಒರಗಿತು. ರೆಫರಿ ಮಧ್ಯೆ ಬಂದು ಎಣಿಸಿದರು. ಆ ರಾತ್ರಿ ಹೆವಿವೇಯ್ಟ್‌ನ ನಾಲ್ಕೂ ವಿಶ್ವ ಚಾಂಪಿಯನ್ ಬೆಲ್ಟ್ ಉಸಿಕ್ ಪಾಲಾದವು.

ಉಸಿಕ್ ಸೌತ್‌ಪಾ. 2025ರ ಸೆಪ್ಟೆಂಬರಿನಲ್ಲಿ ಲಾಸ್ ವೇಗಸ್‌ನಲ್ಲಿ ಕನೆಲೊ ಆಲ್ವರೆಜ್ ಅವರನ್ನು ಸೋಲಿಸಿದ ಟೆರೆನ್ಸ್ ಕ್ರಾಫರ್ಡ್ ಕೂಡ ಹೆಚ್ಚಾಗಿ ಸೌತ್‌ಪಾ ಆಗಿಯೇ ಆಡುತ್ತಿದ್ದವರು. ಆರು ಸಲ ವಿಶ್ವ ಚಾಂಪಿಯನ್ ಆದ ಮೇರಿ ಕೋಮ್ ಸಹ ಸೌತ್‌ಪಾ. ಪಂದ್ಯ ನೋಡೋಕೆ ಕೂತರೆ ಕಾಮೆಂಟರಿಯಲ್ಲಿ ಈ ಪದ ಹತ್ತು ಸಲವಾದರೂ ಕಿವಿಗೆ ಬೀಳುತ್ತದೆ. ಎಡಗೈಯವರು ಅಂತ ಅಂದಾಜು ಮಾಡಿ ನಾವು ಸುಮ್ಮನಾಗುತ್ತೇವೆ. ಆದರೆ ಎಡಗೈ ಆದರೇನು, ಬಲಗೈ ಆದರೇನು, ಗುದ್ದು ಗುದ್ದೇ ಅಲ್ವಾ? ಅದರಲ್ಲಿ ಲಾಭ ಎಲ್ಲಿಂದ ಬಂತು?

ಮೊದಲು ನಿಲ್ಲುವ ಬಗೆ

ಬಾಕ್ಸರ್‌ಗಳು ಎದುರಾಳಿಗೆ ಎದೆ ಕೊಟ್ಟು ನೇರವಾಗಿ ನಿಲ್ಲುವುದಿಲ್ಲ. ಸ್ವಲ್ಪ ಓರೆಯಾಗಿ, ಒಂದು ಕಾಲು ಮುಂದೆ, ಒಂದು ಕಾಲು ಹಿಂದೆ ಇಟ್ಟು ನಿಲ್ಲುತ್ತಾರೆ. ಮುಂದಿನ ಕಾಲಿನ ಕಡೆಯ ಕೈ ಮುಂದೆ, ಇನ್ನೊಂದು ಗಲ್ಲದ ಹತ್ತಿರ ಹಿಂದೆ.

ಎರಡು ಕೈಗೂ ಬೇರೆ ಬೇರೆ ಕೆಲಸ. ಮುಂದಿನ ಕೈ ಎದುರಾಳಿಗೆ ಹತ್ತಿರ ಇರುತ್ತದೆ, ಹಾಗಾಗಿ ಬೇಗ ಮುಟ್ಟುತ್ತದೆ. ಅದರಿಂದ ಬರುವ ನೇರ, ಚುರುಕು ಗುದ್ದಿಗೆ ಜ್ಯಾಬ್ ಅಂತ ಹೆಸರು. ದೂರ ಅಳೆಯುವುದು, ಎದುರಾಳಿಯನ್ನು ತಡೆದು ನಿಲ್ಲಿಸುವುದು, ದೊಡ್ಡ ಏಟಿಗೆ ದಾರಿ ಮಾಡುವುದು ಎಲ್ಲ ಅದರದೇ. ಹಿಂದಿನ ಕೈ ದೂರದಿಂದ ಬರುತ್ತದೆ. ಹಿಂದಿನ ಪಾದ ನೆಲವನ್ನು ಒತ್ತಿ, ಸೊಂಟ ತಿರುಗಿ, ಭುಜ ಮುಂದೆ ಬಂದು, ಆ ಪೂರ್ತಿ ಬಲ ಮುಷ್ಟಿಗೆ ಇಳಿಯುತ್ತದೆ. ಇದು ನೇರ ಹೊಡೆತ ಅಥವಾ ಕ್ರಾಸ್. ಇನ್ನೊಂದು ಹೆಸರು ಗೊತ್ತಿರಲಿ: ಮೊಣಕೈ ಬಗ್ಗಿಸಿ ಪಕ್ಕದಿಂದ ಬೀಸುವ ಗುದ್ದು ಹುಕ್.

ಒಂದು ಕಲ್ಲನ್ನು ದೂರ ಎಸೆಯಬೇಕು ಅಂದುಕೊಳ್ಳಿ. ಬಲಗೈಯವರಾದರೆ ಯಾರೂ ಹೇಳಿಕೊಡದೆಯೇ ನಿಮ್ಮ ಎಡಗಾಲು ಮುಂದೆ ಹೋಗುತ್ತದೆ, ಬಲಗೈ ಹಿಂದಕ್ಕೆ ಹೋಗುತ್ತದೆ. ಬಾಕ್ಸಿಂಗ್‌ನ ಮಾಮೂಲಿ ನಿಲುವು ಅದೇ: ಎಡಗಾಲು ಮತ್ತು ಎಡಗೈ ಮುಂದೆ, ಬಲವಾದ ಬಲಗೈ ಹಿಂದೆ. ಇದಕ್ಕೆ ಆರ್ಥೊಡಾಕ್ಸ್ ಅನ್ನುತ್ತಾರೆ. ಎಡಗೈಯವರು ಕಲ್ಲು ಎಸೆದರೆ ಬಲಗಾಲು ಮುಂದೆ ಬರುತ್ತದೆ, ಎಡಗೈ ಹಿಂದೆ ಉಳಿಯುತ್ತದೆ. ಅದೇ ಸೌತ್‌ಪಾ.

ಹೆಸರಿನ ಕತೆ

ಸೌತ್ ಅಂದರೆ ದಕ್ಷಿಣ, ಪಾ ಅಂದರೆ ಪ್ರಾಣಿಯ ಪಂಜ. ಜನ ಜಾಸ್ತಿ ಹೇಳುವುದು ಬೇಸ್‌ಬಾಲ್ ಕತೆ. ಮಧ್ಯಾಹ್ನದ ಬಿಸಿಲು ಬ್ಯಾಟ್ ಹಿಡಿದವರ ಕಣ್ಣಿಗೆ ಹೊಡೆಯದಿರಲಿ ಅಂತ ಅವರು ಪೂರ್ವಕ್ಕೆ ಮುಖ ಮಾಡುವ ಹಾಗೆ ಅಮೆರಿಕದ ಮೈದಾನಗಳನ್ನು ಕಟ್ಟುತ್ತಿದ್ದರು. ಆಗ ಚೆಂಡು ಎಸೆಯುವವರ ಮುಖ ಪಶ್ಚಿಮಕ್ಕೆ, ಅವರ ಎಡಗೈ ದಕ್ಷಿಣಕ್ಕೆ. ಕತೆ ಚೆನ್ನಾಗಿದೆ. ಆದರೆ ಬೇಸ್‌ಬಾಲ್ ಅಷ್ಟೊಂದು ಬೆಳೆಯುವುದಕ್ಕೆ ಮೊದಲೇ, 1848ರ ಹೊತ್ತಿಗೇ, ಎಡಗೈ ಗುದ್ದಿಗೆ ಈ ಪದ ಅಚ್ಚಾಗಿತ್ತು. ಹಾಗಾಗಿ ಇದನ್ನು ಪೂರ್ತಿ ನಂಬಬೇಕಾಗಿಲ್ಲ.

ಎದುರುಬದುರು ನಿಂತು ನೋಡಿ

ಇದನ್ನು ಓದಿ ತಿಳಿಯುವುದಕ್ಕಿಂತ ಮಾಡಿ ನೋಡುವುದು ಸುಲಭ. ಹತ್ತಿರ ಯಾರಾದರೂ ಇದ್ದರೆ ಎದುರಿಗೆ ನಿಲ್ಲಿಸಿಕೊಳ್ಳಿ. ಮೊದಲು ಇಬ್ಬರೂ ಎಡಗಾಲನ್ನೇ ಮುಂದಿಡಿ. ಮುಂದಿನ ಪಾದಗಳು ಒಂದಕ್ಕೊಂದು ಅಡ್ಡ ಬರುವುದಿಲ್ಲ, ಪಕ್ಕಪಕ್ಕದಲ್ಲಿ ಆರಾಮಾಗಿ ಕೂರುತ್ತವೆ. ಈಗ ನಿಧಾನವಾಗಿ, ಗಾಳಿಯಲ್ಲಿ, ನಿಮ್ಮ ಬಲಗೈಯನ್ನು ಅವರ ಗಲ್ಲದ ಕಡೆ ಚಾಚಿ. ಅವರ ಎಡಭುಜ ದಾರಿಗೆ ಅಡ್ಡ ನಿಂತಿದೆ, ಅಲ್ವಾ? ನಿಮ್ಮ ಎಡಗೈ ಚಾಚಿದರೆ ಅದನ್ನು ತಟ್ಟಿ ಹಾಕೋಕೆ ಅವರ ಬಲಗೈ ಕಾದಿದೆ. ಬಾಕ್ಸಿಂಗ್‌ನಲ್ಲಿ ಕಲಿಸುವ ಬಹುಪಾಲು ಪಾಠ ಈ ಜೋಡಣೆಗೇ ಹೊಂದಿಕೊಂಡದ್ದು.

ಈಗ ಅವರಿಗೆ ಬಲಗಾಲು ಮುಂದಿಡಲು ಹೇಳಿ. ಎಲ್ಲ ಬದಲಾಯಿತು. ನಿಮ್ಮ ಎಡಪಾದದ ಹೆಬ್ಬೆರಳು ಅವರ ಬಲಪಾದದ ಹೆಬ್ಬೆರಳಿಗೆ ನೇರ ಎದುರು ಬಂತು. ಮುಂದಿನ ಕೈಗಳೂ ಹಾಗೆಯೇ, ಒಂದಕ್ಕೊಂದು ತಾಗುತ್ತವೆ. ನೀವು ಜ್ಯಾಬ್ ಹೊಡೆಯಲು ಹೋದರೆ ಅವರ ಮುಂದಿನ ಕೈಯೇ ಅಡ್ಡ. ಇನ್ನೊಂದು ಪಕ್ಕ ನೋಡಿ. ನಿಮ್ಮ ಬಲ ಎದೆ, ಅವರ ಎಡ ಎದೆ ಎರಡೂ ಬಾಗಿಲು ತೆರೆದಿಟ್ಟ ಹಾಗೆ ಬಿಟ್ಟುಕೊಂಡಿವೆ. ಹಿಂದಿನ ಕೈಗೆ ಈಗ ಅಡ್ಡ ಬರುವ ಭುಜವೇ ಇಲ್ಲ. ಈ ಜೋಡಣೆಗೆ ತೆರೆದ ನಿಲುವು ಅಂತಲೂ, ಮೊದಲಿನದಕ್ಕೆ ಮುಚ್ಚಿದ ನಿಲುವು ಅಂತಲೂ ಹೆಸರು.

ಅಂದರೆ ಸೌತ್‌ಪಾ ಬಂದ ಕೂಡಲೇ ಜ್ಯಾಬ್‌ನ ಬೆಲೆ ಇಳಿಯುತ್ತದೆ, ಹಿಂದಿನ ಕೈಯ ಬೆಲೆ ಏರುತ್ತದೆ. ಹಿಂದಿನ ಕೈ ಅಂದರೆ ಜೋರಿನ ಕೈ. ಇಂಥ ಪಂದ್ಯಗಳಲ್ಲಿ ಮುಂದಿನ ಕೈಗಳು ಸುಮ್ನೆ ಒಂದನ್ನೊಂದು ತಟ್ಟುತ್ತಾ, ಒತ್ತುತ್ತಾ ಇರುವುದನ್ನು ನೀವು ನೋಡಿರಬಹುದು. ಏನೂ ನಡೀತಿಲ್ಲ ಅಂತ ಅನ್ನಿಸುತ್ತದೆ. ನಿಜಕ್ಕೂ ಅವರು ಹಿಂದಿನ ಕೈಗೆ ದಾರಿ ಬಿಡಿಸಿಕೊಳ್ಳುತ್ತಿರುತ್ತಾರೆ. ತಲೆಗಳೂ ಒಂದೇ ಗೆರೆಗೆ ಬರುವುದರಿಂದ ಡಿಕ್ಕಿಯಾಗುವುದು, ಹುಬ್ಬು ಒಡೆಯುವುದು ಈ ಪಂದ್ಯಗಳಲ್ಲಿ ಜಾಸ್ತಿ.

ಒಂದು ಮಾತು ಇಲ್ಲಿ ಮರೆಯಬಾರದು. ತೆರೆದ ಬಾಗಿಲು ಇಬ್ಬರಿಗೂ ತೆರೆದದ್ದೇ. ಸೌತ್‌ಪಾ ಎಡಗೈಗೆ ಎಷ್ಟು ದಾರಿ ಸಿಕ್ಕಿದೆಯೋ ಎದುರಾಳಿಯ ಬಲಗೈಗೂ ಅಷ್ಟೇ ಸಿಕ್ಕಿದೆ. ಬರೀ ಕೋನದ ಲೆಕ್ಕ ಹಾಕಿದರೆ ಇಬ್ಬರೂ ಸರಿಸಮ. ಹಾಗಿದ್ದರೆ ಲಾಭ ಒಬ್ಬರಿಗೇ ಹೇಗೆ? ಅದಕ್ಕೆ ಬರುತ್ತೇನೆ, ಅದಕ್ಕೂ ಮೊದಲು ಪಾದಗಳನ್ನು ನೋಡಿಬಿಡೋಣ.

ಪಾದಗಳ ಪೈಪೋಟಿ

ಎದುರುಬದುರಾದ ಆ ಎರಡು ಮುಂದಿನ ಪಾದಗಳಲ್ಲಿ ಯಾವುದು ಹೊರಗೆ, ಯಾವುದು ಒಳಗೆ ಅನ್ನುವುದರ ಮೇಲೆ ತುಂಬ ನಿಂತಿದೆ. ಸೌತ್‌ಪಾ ತಮ್ಮ ಬಲಪಾದವನ್ನು ಎದುರಾಳಿಯ ಎಡಪಾದದ ಹೊರಗೆ ಇಟ್ಟರು ಅನ್ನಿ. ಆಗ ಅವರ ಎಡಗೈ ಎದುರಾಳಿಯ ಗಲ್ಲಕ್ಕೆ ನೇರ ಗುರಿಯಾಗುತ್ತದೆ. ಎದುರಾಳಿಯ ಬಲಗೈ ಮಾತ್ರ ತನ್ನ ಮೈಯನ್ನೇ ದಾಟಿ ದೂರದಿಂದ ಬರಬೇಕು. ಒಂದು ಅಂಗೈ ಅಗಲದಷ್ಟು ಜಾಗ ಅಷ್ಟೇ, ಆದರೆ ಅದರಿಂದ ಗುದ್ದು ತಾಗುವುದೂ ತಪ್ಪುವುದೂ ಬದಲಾಗುತ್ತದೆ.

ಕಷ್ಟ ಏನೆಂದರೆ ಇಬ್ಬರಿಗೂ ಬೇಕಾದದ್ದು ಅದೇ ಜಾಗ. ಸೌತ್‌ಪಾ ತಮ್ಮ ಬಲಕ್ಕೆ ಸರಿಯಬೇಕು. ಆರ್ಥೊಡಾಕ್ಸ್ ಬಾಕ್ಸರ್ ತಮ್ಮ ಎಡಕ್ಕೆ ಸರಿಯಬೇಕು. ಎದುರುಬದುರು ನಿಂತಾಗ ಎರಡೂ ಒಂದೇ ಕಡೆ. ಇಕ್ಕಟ್ಟಾದ ಓಣಿಯಲ್ಲಿ ಎದುರು ಸಿಕ್ಕವರಿಗೆ ದಾರಿ ಬಿಡೋಕೆ ಹೋಗಿ ಇಬ್ಬರೂ ಒಂದೇ ಪಕ್ಕಕ್ಕೆ ಸರಿದು ಮತ್ತೆ ಅಡ್ಡ ನಿಲ್ಲುತ್ತೇವಲ್ಲ, ಹಾಗೆ. ರಿಂಗಿನಲ್ಲಿ ಕಾಲು ತುಳಿಯುವುದು, ಎಡವುವುದು ಇದಕ್ಕೇ.

ಇದರೊಳಗೆ ಒಂದು ಬಲೆಯೂ ಇದೆ. ಸೌತ್‌ಪಾ ಎಡಗೈಯಿಂದ ದೂರ ಇರು, ನಿನ್ನ ಎಡಕ್ಕೆ ಸರಿ ಅಂತ ಎದುರಾಳಿಗೆ ಕೋಚ್ ಹೇಳಿಕೊಟ್ಟಿರುತ್ತಾರೆ. ಆದರೆ ಹಾಗೆ ಸರಿದರೆ ಸಿಗುವುದು ಸೌತ್‌ಪಾ ಬಲಗೈ ಹುಕ್. ಒಂದರಿಂದ ತಪ್ಪಿಸಿಕೊಂಡು ಇನ್ನೊಂದರ ಬಾಯಿಗೆ ಹೋದ ಹಾಗೆ. ಅಂದ ಹಾಗೆ, ಹೊರಗಿನ ಪಾದವೇ ಸರಿ ಅನ್ನುವುದು ಕಲ್ಲಿನಲ್ಲಿ ಕೊರೆದ ನಿಯಮವಲ್ಲ. ಉಸಿಕ್ ತರಹದ ಕಾಲ್ಚಳಕದವರು ಬೇಕೆಂದೇ ಒಳಗೂ ಕಾಲಿಟ್ಟು ಆಡುತ್ತಾರೆ.

ಪಕ್ಕೆಲುಬಿನ ಕೆಳಗೆ

ನಮ್ಮ ಪಿತ್ತಜನಕಾಂಗ, ಅಂದರೆ ಲಿವರ್, ದೇಹದ ಬಲಭಾಗದಲ್ಲಿ ಪಕ್ಕೆಲುಬಿನ ಅಡಿ ಇದೆ. ಅಲ್ಲಿಗೆ ಸರಿಯಾದ ಏಟು ಬಿದ್ದರೆ ಎಂಥ ಗಟ್ಟಿ ಆಳೂ ಮಂಡಿಯೂರುತ್ತಾರೆ. ತಲೆ ಚೆನ್ನಾಗಿಯೇ ಕೆಲಸ ಮಾಡುತ್ತಿರುತ್ತದೆ, ಮೈ ಮಾತ್ರ ಏಳುವುದಿಲ್ಲ. ಆರ್ಥೊಡಾಕ್ಸ್ ಬಾಕ್ಸರ್ ಓರೆಯಾಗಿ ನಿಂತಾಗ ಈ ಬಲಭಾಗ ಸೌತ್‌ಪಾ ಬಾಕ್ಸರ್‌ನ ಜೋರಿನ ಎಡಗೈಗೆ ನೇರ ಎದುರಾಗುತ್ತದೆ. ಹೊಟ್ಟೆಗೆ ನುಗ್ಗುವ ಎಡಗೈ ಸೌತ್‌ಪಾಗಳ ಪ್ರೀತಿಯ ಹೊಡೆತವಾಗಿರುವುದು ಇದಕ್ಕೆ. ಆದರೆ ಸೌತ್‌ಪಾ ಲಿವರ್ ಅವರ ಮುಂದಿನ ಪಕ್ಕದಲ್ಲೇ ಇದೆ, ಎದುರಾಳಿಗೆ ಇನ್ನೂ ಹತ್ತಿರ. ಬಲ ಮೊಣಕೈ ಒಂದು ಕ್ಷಣ ಮೇಲೆದ್ದರೂ ಎಡಗೈ ಹುಕ್ ಅಲ್ಲಿಗೆ ಬಂದು ಕೂರುತ್ತದೆ.

ಲಾಭ ಬರುವುದು ಎಲ್ಲಿಂದ

ಈಗ ಬಿಟ್ಟ ಪ್ರಶ್ನೆಗೆ ಬರೋಣ. ಕೋನ ಇಬ್ಬರಿಗೂ ಒಂದೇ ಆದರೆ ಸೌತ್‌ಪಾಗೆ ಮಾತ್ರ ಲಾಭ ಹೇಗೆ?

ಜಗತ್ತಿನಲ್ಲಿ ಸುಮಾರು 100ಕ್ಕೆ 10 ಜನ ಎಡಗೈಯವರು. ಹಾಗಾಗಿ ಬಾಕ್ಸಿಂಗ್ ಕಲಿಯುವ ಎಲ್ಲರಿಗೂ, ಎಡಗೈಯವರಿಗೂ ಸೇರಿ, ಅಭ್ಯಾಸಕ್ಕೆ ಸಿಗುವ ಜೊತೆಗಾರರು ಬಹುಪಾಲು ಆರ್ಥೊಡಾಕ್ಸ್. ಒಬ್ಬ ಸೌತ್‌ಪಾ ಹುಡುಗಿಗೆ ಎದುರು ನಿಲುವಿನವರ ಜೊತೆ ಆಡುವುದು ದಿನಾ ಮಾಡುವ ಕೆಲಸ. ಅವಳ ಎದುರಿಗಿದ್ದವಳಿಗೆ ಸೌತ್‌ಪಾ ಸಿಗುವುದು ಯಾವಾಗಲೋ ಒಮ್ಮೆ. ರಿಂಗಿಗೆ ಇಬ್ಬರೂ ಒಟ್ಟಿಗೆ ಕಾಲಿಡುತ್ತಾರೆ. ಆದರೆ ಒಬ್ಬಳು ಈ ಪರೀಕ್ಷೆಯನ್ನು ಸಾವಿರ ಸಲ ಬರೆದು ಬಂದಿದ್ದಾಳೆ, ಇನ್ನೊಬ್ಬಳು ಹತ್ತು ಸಲ.

ನನಗೆ ಇಡೀ ವಿಷಯದ ತಿರುಳು ಇಲ್ಲೇ ಇದೆ ಅನ್ನಿಸುತ್ತದೆ. ಎಡಗೈಯಲ್ಲಿ ಯಾವ ಮಾಯೆಯೂ ಇಲ್ಲ. ಎದುರಾಳಿಗೆ ಅದು ರೂಢಿ ಇಲ್ಲ, ಅಷ್ಟೇ.

ರೂಢಿ ಯಾಕೆ ಅಷ್ಟು ಮುಖ್ಯ? ಗುದ್ದು ಬರುವುದನ್ನು ನೋಡಿ, ಯೋಚಿಸಿ, ಆಮೇಲೆ ತಪ್ಪಿಸಿಕೊಳ್ಳಲು ಸಮಯ ಇರುವುದಿಲ್ಲ. ಬಾಕ್ಸರ್‌ಗಳು ಎದುರಾಳಿಯ ಭುಜ ಅಲುಗುವುದನ್ನು, ಸೊಂಟ ತಿರುಗುವುದನ್ನು, ತೂಕ ಒಂದು ಕಾಲಿಂದ ಇನ್ನೊಂದಕ್ಕೆ ಹೋಗುವುದನ್ನು ಓದುತ್ತಾರೆ. ಗುದ್ದು ಹೊರಡುವ ಮೊದಲೇ ಮೈ ತಾನಾಗಿ ವಾಲುತ್ತದೆ. ಇದು ವರ್ಷಗಟ್ಟಲೆ ಅಭ್ಯಾಸದಿಂದ ಬಂದದ್ದು. ಸೌತ್‌ಪಾ ಎದುರು ಆ ಸೂಚನೆಗಳೆಲ್ಲ ತಿರುಗುಮುರುಗು.

ವಾಹನಗಳು ರಸ್ತೆಯ ಇನ್ನೊಂದು ಪಕ್ಕದಲ್ಲಿ ಓಡುವ ದೇಶಕ್ಕೆ ಮೊದಲ ಸಲ ಹೋದವರನ್ನು ನೆನೆಸಿಕೊಳ್ಳಿ. ರಸ್ತೆ ದಾಟುವಾಗ ಕತ್ತು ತಾನಾಗಿ ಹಳೆಯ ಕಡೆಗೇ ತಿರುಗುತ್ತದೆ. ಖಾಲಿ ಇದೆ ಅಂತ ಕಾಲಿಡುತ್ತಾರೆ, ಕಾರು ಇನ್ನೊಂದು ಕಡೆಯಿಂದ ಬರುತ್ತದೆ. ಅವರಿಗೆ ನಿಯಮ ಗೊತ್ತಿಲ್ಲ ಅಂತೇನಿಲ್ಲ. ತಲೆಗೆ ಗೊತ್ತು, ಕತ್ತಿಗೆ ಗೊತ್ತಿಲ್ಲ. ಸೌತ್‌ಪಾ ಎದುರು ಆರ್ಥೊಡಾಕ್ಸ್ ಬಾಕ್ಸರ್ ಪಾಡೂ ಇದೇ.

ಟೆನಿಸ್‌ನಲ್ಲಿ ಇದನ್ನು ಪರೀಕ್ಷಿಸಿ ನೋಡಿದ್ದಾರೆ. ಆಟಗಾರರು ಹೊಡೆಯುವ ವಿಡಿಯೊ ತೋರಿಸಿ, ಚೆಂಡು ಎತ್ತ ಹೋಗುತ್ತದೆ ಅಂತ ಊಹಿಸಲು ಹೇಳಿದರು. ಎಡಗೈ ಆಟಗಾರರ ಹೊಡೆತಗಳನ್ನು ಊಹಿಸುವಾಗ ಜನ ಜಾಸ್ತಿ ತಪ್ಪು ಮಾಡಿದರು. ವಿಶೇಷ ಅಂದರೆ, ನೋಡುತ್ತಿದ್ದವರು ಸ್ವತಃ ಎಡಗೈಯವರಾಗಿದ್ದರೂ ಫಲಿತಾಂಶ ಹಾಗೇ ಇತ್ತು. ಅವರೂ ನೋಡಿ ಬೆಳೆದದ್ದು ಬಲಗೈಯವರನ್ನೇ ತಾನೇ? ಕ್ರಿಕೆಟ್ ನೋಡುವವರಿಗೆ ಎಡಗೈ ವೇಗದ ಬೌಲರ್ ಬಂದಾಗ ಬ್ಯಾಟರ್‌ಗಳು ತಡವರಿಸುವುದು ಗೊತ್ತೇ ಇದೆ.

ಬಾಕ್ಸಿಂಗ್ ಲೆಕ್ಕವೂ ಇದೆ. ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ ಇಬ್ಬರು ಸಂಶೋಧಕರು ಸಾವಿರಾರು ವೃತ್ತಿಪರ ಬಾಕ್ಸರ್‌ಗಳ ಮತ್ತು ಮಿಕ್ಸ್ಡ್ ಮಾರ್ಷಲ್ ಆರ್ಟ್ಸ್ ಆಟಗಾರರ ದಾಖಲೆ ಸೇರಿಸಿ 2019ರಲ್ಲಿ ಪ್ರಕಟಿಸಿದರು. ಸಾಮಾನ್ಯ ಜನರಲ್ಲಿ ಇರುವುದಕ್ಕಿಂತ ರಿಂಗಿನಲ್ಲಿ ಎಡಗೈಯವರ ಪಾಲು ಜಾಸ್ತಿ ಇತ್ತು, ಗೆಲುವೂ ಸ್ವಲ್ಪ ಜಾಸ್ತಿ ಇತ್ತು. ಸ್ವಲ್ಪ ಅನ್ನುವುದನ್ನು ಗಮನಿಸಿ. ಸೌತ್‌ಪಾ ಆಗಿದ್ದ ಮಾತ್ರಕ್ಕೆ ಯಾರೂ ಚಾಂಪಿಯನ್ ಆಗುವುದಿಲ್ಲ.

ಈ ಲಾಭ ಅಪರೂಪ ಇರುವವರೆಗೆ ಮಾತ್ರ. ಅರ್ಧಕ್ಕರ್ಧ ಬಾಕ್ಸರ್‌ಗಳು ಸೌತ್‌ಪಾ ಆದರೆ ಎಲ್ಲರಿಗೂ ಅಭ್ಯಾಸ ಆಗಿಬಿಡುತ್ತದೆ, ಲಾಭ ಕರಗಿಹೋಗುತ್ತದೆ. ಮನುಷ್ಯರಲ್ಲಿ ಎಡಗೈತನ ಕಡಿಮೆ ಪ್ರಮಾಣದಲ್ಲಿ ಇದ್ದೂ ಅಳಿಯದೆ ಉಳಿದದ್ದಕ್ಕೆ ಹಿಂದಿನ ಕಾಲದ ಕೈಕೈ ಜಗಳಗಳಲ್ಲಿ ಸಿಗುತ್ತಿದ್ದ ಇಂಥ ಅನುಕೂಲವೇ ಕಾರಣವಿರಬಹುದು ಅನ್ನುವ ವಾದವೂ ಇದೆ. ಅದರ ಬಗ್ಗೆ ವಿಜ್ಞಾನಿಗಳಲ್ಲಿ ಇನ್ನೂ ಒಮ್ಮತ ಇಲ್ಲ.

ಬಲಗೈಯವರೂ ಸೌತ್‌ಪಾ ಆಗುತ್ತಾರೆ

ಇಲ್ಲಿ ಬಹಳ ಜನ ಎಡವುತ್ತಾರೆ. ಸೌತ್‌ಪಾ ಅನ್ನುವುದು ನಿಲುವಿನ ಹೆಸರು, ಹುಟ್ಟುಗುಣದ ಹೆಸರಲ್ಲ. ಎಂಟು ತೂಕ ವಿಭಾಗಗಳಲ್ಲಿ ವಿಶ್ವ ಪ್ರಶಸ್ತಿ ಗೆದ್ದ ಮ್ಯಾನಿ ಪ್ಯಾಕಿಯಾವೊ ಬರೆಯುವುದು ಬಲಗೈಯಲ್ಲಿ. 2008 ಮತ್ತು 2012ರ ಒಲಿಂಪಿಕ್ಸ್‌ಗಳಲ್ಲಿ ಚಿನ್ನ ಗೆದ್ದ ವಾಸಿಲ್ ಲೊಮಾಚೆಂಕೊ ಕೂಡ ಬಲಗೈಯವರೇ. ಹೀಗೆ ಮಾಡಿದರೆ ಚುರುಕಾದ, ಹದ ಗೊತ್ತಿರುವ ಕೈ ಮುಂದೆ ಬರುತ್ತದೆ. ಜ್ಯಾಬ್ ಗಟ್ಟಿಯಾಗುತ್ತದೆ. ಆಗಲೇ ಹೇಳಿದ ಬಲಗೈ ಹುಕ್‌ನ ಬಲೆಗೆ ಇನ್ನಷ್ಟು ಜೋರು ಬರುತ್ತದೆ.

ಉಲ್ಟಾ ಉದಾಹರಣೆಗಳೂ ಇವೆ. ಆಸ್ಕರ್ ಡಿ ಲಾ ಹೋಯ ಎಡಗೈಯವರು, ಆಡಿದ್ದು ಆರ್ಥೊಡಾಕ್ಸ್ ಆಗಿ. ಮಿಗೆಲ್ ಕೊಟ್ಟೊ ಕೂಡ ಹಾಗೇ. ಇಬ್ಬರ ಎಡಗೈ ಹುಕ್ ಅಂದರೆ ಎದುರಾಳಿಗಳಿಗೆ ನಡುಕ ಇತ್ತು, ಯಾಕೆಂದರೆ ಬಲವಾದ ಕೈಯೇ ಮುಂದಿತ್ತು. ಹಿಂದೆಲ್ಲ ಎಡಗೈ ಮಕ್ಕಳನ್ನು ಕೋಚ್‌ಗಳೇ ಆರ್ಥೊಡಾಕ್ಸ್‌ಗೆ ತಿರುಗಿಸುತ್ತಿದ್ದರು. ಸೌತ್‌ಪಾ ಜೊತೆ ಪಂದ್ಯ ಒಪ್ಪಿಕೊಳ್ಳಲು ಎದುರು ಕಡೆಯವರು ಹಿಂದೇಟು ಹಾಕುತ್ತಿದ್ದರು, ಪಂದ್ಯ ಸಿಗದಿದ್ದರೆ ಸಂಪಾದನೆ ಇಲ್ಲ. ಹೆವಿವೇಯ್ಟ್ ಕಿರೀಟಕ್ಕೆ ಸೆಣಸಿದ ಮೊದಲ ಸೌತ್‌ಪಾ ಜರ್ಮನಿಯ ಕಾರ್ಲ್ ಮಿಲ್ಡೆನ್‌ಬರ್ಗರ್. ಅದು 1966ರಲ್ಲಿ, ಮುಹಮ್ಮದ್ ಅಲಿ ಎದುರು. ಅಲಿಯಂಥವರಿಗೂ ಪಂದ್ಯ ಮುಗಿಸಲು 12ನೇ ಸುತ್ತಿನವರೆಗೆ ಬೇಕಾಯಿತು.

ಎರಡೂ ನಿಲುವಿನಲ್ಲಿ ಆಡಬಲ್ಲವರೂ ಇದ್ದಾರೆ. ಕ್ರಾಫರ್ಡ್ ಅಂಥವರು. ಆದರೆ ಬದಲಾಯಿಸುವ ಹೊತ್ತು ತಪ್ಪಿದರೆ ಬೆಲೆ ದೊಡ್ಡದು. 1987ರಲ್ಲಿ ಶುಗರ್ ರೇ ಲೆನಾರ್ಡ್ ಎದುರು ಸೌತ್‌ಪಾ ಮಾರ್ವಿನ್ ಹ್ಯಾಗ್ಲರ್ ಶುರುವಿನಲ್ಲಿ ಆರ್ಥೊಡಾಕ್ಸ್ ಆಗಿ ನಿಂತರು. ಆ ಮೊದಲ ಸುತ್ತುಗಳು ಕೈತಪ್ಪಿದವು. ಕೊನೆಗೆ ತೀರ್ಪುಗಾರರು ಒಡೆದ ಮತದಲ್ಲಿ ಲೆನಾರ್ಡ್‌ಗೆ ಗೆಲುವು ಕೊಟ್ಟರು. ಅವತ್ತು ಹ್ಯಾಗ್ಲರ್ ಮೊದಲಿನಿಂದಲೇ ಬಲಗಾಲು ಮುಂದಿಟ್ಟಿದ್ದರೆ ಅಂತ ನನಗೆ ಇವತ್ತಿಗೂ ಅನ್ನಿಸುತ್ತದೆ.

ಸೌತ್‌ಪಾಗೆ ಮದ್ದು

ತೆರೆದ ಬಾಗಿಲಿನಲ್ಲಿ ಬಲಗೈಯೂ ನುಗ್ಗಬಹುದು ಅಂದೆನಲ್ಲ, ಮದ್ದು ಅದೇ. ಮೊದಲ ಸೌತ್‌ಪಾ ಹೆವಿವೇಯ್ಟ್ ಚಾಂಪಿಯನ್ ಮೈಕೆಲ್ ಮೂರರ್ 1994ರ ಏಪ್ರಿಲ್‌ನಲ್ಲಿ ಇವಾಂಡರ್ ಹೋಲಿಫೀಲ್ಡ್ ಅವರನ್ನು ಸೋಲಿಸಿ ಕಿರೀಟ ಗೆದ್ದರು. ಅದೇ ನವೆಂಬರಿನಲ್ಲಿ 45 ವರ್ಷದ ಜಾರ್ಜ್ ಫೋರ್‌ಮನ್ ಎದುರು ಒಂಬತ್ತು ಸುತ್ತು ಮುಂದಿದ್ದರು. ಹತ್ತನೇ ಸುತ್ತಿನಲ್ಲಿ ಫೋರ್‌ಮನ್ ಅವರ ಬಲಗೈ ಗಲ್ಲಕ್ಕೆ ಬಿತ್ತು, ಪಂದ್ಯ ಅಲ್ಲಿಗೆ ಮುಗಿಯಿತು.

2012ರ ಡಿಸೆಂಬರ್ 8ರಂದು ಪ್ಯಾಕಿಯಾವೊಗೂ ಇದೇ ಆಯಿತು. ಎದುರಾಳಿ ಹುವಾನ್ ಮಾನ್ಯುಯೆಲ್ ಮಾರ್ಕೆಸ್, ಇಬ್ಬರಿಗೂ ಅದು ನಾಲ್ಕನೇ ಭೇಟಿ. ಅಂದರೆ ಮಾರ್ಕೆಸ್‌ಗೆ ಈ ಸೌತ್‌ಪಾ ಹೊಸಬರಲ್ಲ. ಆರನೇ ಸುತ್ತು ಮುಗಿಯಲು ಕ್ಷಣಗಳಷ್ಟೇ ಬಾಕಿ. ಪ್ಯಾಕಿಯಾವೊ ಎಂದಿನಂತೆ ಮುನ್ನುಗ್ಗಿದರು. ಮಾರ್ಕೆಸ್ ಹಿಂದೆ ಸರಿಯಲಿಲ್ಲ, ಬಲಗೈಯನ್ನು ಆ ತೆರೆದ ಜಾಗದೊಳಕ್ಕೆ ಬಿಟ್ಟರು. ಬರುತ್ತಿದ್ದ ವೇಗ, ಬಂದ ಗುದ್ದು ಎರಡೂ ಸೇರಿದವು. ಪ್ಯಾಕಿಯಾವೊ ಮುಖ ಅಡಿಯಾಗಿ ಬಿದ್ದರು, ಏಳಲಿಲ್ಲ. 2015ರಲ್ಲಿ ಫ್ಲಾಯ್ಡ್ ಮೇವೆದರ್ ಪ್ಯಾಕಿಯಾವೊ ಎದುರು ಗೆದ್ದಾಗಲೂ ಜ್ಯಾಬ್ ಇಲ್ಲದೆ ನೇರವಾಗಿ ಬಿಡುವ ಬಲಗೈ ಚೆನ್ನಾಗಿ ಕೆಲಸ ಮಾಡಿತು.

ಇದಕ್ಕೇ ದೊಡ್ಡ ಪಂದ್ಯಕ್ಕೆ ಮೊದಲು ಬಾಕ್ಸರ್‌ಗಳು ಸೌತ್‌ಪಾಗಳನ್ನೇ ಹುಡುಕಿ ಕರೆಸಿ ವಾರಗಟ್ಟಲೆ ಅವರ ಜೊತೆ ಅಭ್ಯಾಸ ಮಾಡುತ್ತಾರೆ. ಕೊರತೆ ಇರುವುದು ರೂಢಿಯದ್ದು, ಅದನ್ನು ತುಂಬಿಕೊಳ್ಳಲು ಬೇರೆ ದಾರಿ ಇಲ್ಲ.

ಇಬ್ಬರೂ ಸೌತ್‌ಪಾ ಆದರೆ?

ಪಾದಗಳು ಮತ್ತೆ ಆರಾಮಾಗಿ ಪಕ್ಕಪಕ್ಕ ಕೂರುತ್ತವೆ, ಭುಜ ಮತ್ತೆ ಅಡ್ಡ ಬರುತ್ತದೆ. ಇಬ್ಬರು ಆರ್ಥೊಡಾಕ್ಸ್ ನಿಂತ ಹಾಗೇ, ಎಡ ಬಲ ಅದಲುಬದಲು ಅಷ್ಟೇ. ಆದರೆ ಈ ಪಂದ್ಯಗಳು ಎಷ್ಟೋ ಸಲ ತೊಡಕಾಗಿ, ಹಿಂಜರಿಕೆಯಲ್ಲಿ ಶುರುವಾಗುತ್ತವೆ. ಕಾರಣ ಈಗ ನಿಮಗೆ ಹೊಳೆದಿರಬೇಕು. ಸೌತ್‌ಪಾ ಎದುರು ಆಡಿ ಸೌತ್‌ಪಾಗಳಿಗೂ ಅಭ್ಯಾಸ ಇಲ್ಲ. ಅವರಿಗೆ ದಿನಾ ಎದುರಿಗೆ ಸಿಗುವ ಸೌತ್‌ಪಾ ಒಬ್ಬರೂ ಇರುವುದಿಲ್ಲ, ಕನ್ನಡಿಯಲ್ಲಿ ಕೂಡ. ಬಲಗಾಲು ಮುಂದಿಟ್ಟು ಕನ್ನಡಿ ಮುಂದೆ ನಿಂತು ನೋಡಿ: ಒಳಗಿರುವವರು ಎಡಗಾಲು ಮುಂದಿಟ್ಟಿರುತ್ತಾರೆ.